ಗುಡ್ಲಿನ ಗಳ

ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ವಿಮಾನದ ಶಿಬಿರ ನಡೆಸುತ್ತೇನೆ ಎಂದು ನಾನು ಹೇಳಿದಾಗ ಊರಿನಲ್ಲಿ ಬೆನ್ನು ತಟ್ಟಿದವರಿಗಿಂತ ನಕ್ಕವರೇ ಹೆಚ್ಚು. ಹೊಗೆಸೊಪ್ಪಿನ ಸಸಿಗೆ ನೀರು ಹಾಕುವ ಹೊತ್ತಿನಲ್ಲಿ ಈ ಮೇಡಂ ಮಕ್ಕಳನ್ನು ಕಟ್ಟಿಕೊಂಡು ಗಾಳಿಪಟ ಹಾರಿಸುತ್ತಾಳಂತೆ ಎಂದು ಟೀ ಅಂಗಡಿಯಲ್ಲಿ ಮಾತಾಡಿಕೊಂಡರು. ನಕ್ಕಿದ್ದಕ್ಕೆ ನನಗೆ ಬೇಸರವಿಲ್ಲ. ಗಾಳಿಪಟ ಅಂದರಲ್ಲ, ಅದಕ್ಕೆ ಮೈಯೆಲ್ಲ ಉರಿಯಿತು. ನಾವು ಕಟ್ಟುವುದು ಗ್ಲೈಡರ್. ಅದಕ್ಕೆ ಎಂಜಿನ್ ಇಲ್ಲ, ಅಷ್ಟೇ. ಉಳಿದಂತೆ ಅಪ್ಪಟ ವಿಮಾನ. ರೆಕ್ಕೆ, ಬಾಲ, ಮೂತಿ ಎಲ್ಲವೂ ಇರುತ್ತವೆ. ಲೆಕ್ಕ ತಪ್ಪಿದರೆ ಬೀಳುತ್ತದೆ, ಸರಿಯಾದರೆ ಹಾರುತ್ತದೆ.

ನಾನು ಪುಷ್ಪಾ. ಪಿರಿಯಾಪಟ್ಟಣದಿಂದ ಕೊಪ್ಪದ ಕಡೆಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುವ ಸರ್ಕಾರಿ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಕಾಲೇಜಿನಲ್ಲಿ ಎನ್‌ಸಿಸಿ ವಾಯುದಳದಲ್ಲಿದ್ದೆ. ಮಾದರಿ ವಿಮಾನ ಕಟ್ಟುವುದನ್ನು ಅಲ್ಲೇ ಕಲಿತದ್ದು. ಒಂದು ಸಲ ಎರಡು ಸೀಟಿನ ಪುಟ್ಟ ವಿಮಾನದಲ್ಲಿ ಕೂರಿಸಿಕೊಂಡು ಕೆ.ಆರ್. ನಗರದ ಗದ್ದೆಗಳ ಮೇಲೆ ಸುತ್ತಿಸಿದ್ದರು. ನಮ್ಮವಳು ಅವತ್ತು ಕೆಳಗಿಳಿದಳು, ತಲೆ ಮಾತ್ರ ಮೇಲೇ ಉಳಿಯಿತು ಎಂದು ನನ್ನ ಗಂಡ ಕಂಡಕಂಡವರಿಗೆಲ್ಲ ಹೇಳುತ್ತಾರೆ. ಹೇಳಲಿ. ಉಳಿದಿದೆ, ನಿಜ.

ನನ್ನ ಶಿಬಿರಕ್ಕೆ ಇರುವುದು ಒಂದೇ ಕಟ್ಟುಪಾಡು. ಕಟ್ಟಿದವರೇ ಹಾರಿಸಬೇಕು. ಅಪ್ಪ ಅಂಟಿಸಿದ್ದು, ಅಣ್ಣ ಕತ್ತರಿಸಿದ್ದು ನನ್ನ ಮೈದಾನದಲ್ಲಿ ಹಾರುವಂತಿಲ್ಲ. ಕಟ್ಟಿದವರು ಬರಲಿಲ್ಲವೋ, ವಿಮಾನ ನೆಲದ ಮೇಲೇ ಇರುತ್ತದೆ.

ಪಟ್ಟಣದ ಕಡೆ ಇಂಥ ವಿಮಾನ ಕಟ್ಟುವವರು ಹೊರದೇಶದ ಹಗುರ ಮರ ತರಿಸುತ್ತಾರೆ. ನಮಗೆ ಬೇಲಿಯಲ್ಲಿ ಕತ್ತಾಳೆ ಇದೆ. ಕತ್ತಾಳೆ ತನ್ನ ಆಯಸ್ಸಿನಲ್ಲಿ ಒಂದೇ ಸಲ ಹೂ ಬಿಡುತ್ತದೆ. ಆಗ ನಡುವಿನಿಂದ ಎರಡಾಳೆತ್ತರ ಮೀರಿ ಒಂದು ನೆಟ್ಟನೆಯ ಗಳ ಏಳುತ್ತದೆ. ಹಸಿಯಾಗಿದ್ದಾಗ ಅದನ್ನು ಎತ್ತಲು ಇಬ್ಬರು ಬೇಕು. ತಿಂಗಳುಗಟ್ಟಲೆ ನೆರಳಲ್ಲಿ ಒಣಗಿತೋ, ಚಿಕ್ಕ ಹುಡುಗಿ ಒಂದೇ ಕೈಯಲ್ಲಿ ಎತ್ತಿಕೊಂಡು ಓಡಬಹುದು. ಸಂಕ್ರಾಂತಿ ಕಳೆದ ಕೂಡಲೇ ಗಳಗಳನ್ನು ಕಡಿಸಿ ಶಾಲೆಯ ಹಿಂದಿನ ಸೂರಿನಡಿ ಒಣಗಲು ಹಾಕಿದ್ದೆ. ಗಿಡ್ಡನೆಯವು ಚಿಕ್ಕ ಮಕ್ಕಳ ಗ್ಲೈಡರುಗಳಿಗೆ ಹೋದವು. ಉದ್ದನೆಯದು, ಎಲ್ಲೂ ಡೊಂಕಿಲ್ಲದ್ದು, ಒಂದೇ ಒಂದು ಉಳಿಯಿತು. ಅದನ್ನು ಪೂಜಾ ಮತ್ತು ಮಂಗಳಾ ಮೊದಲ ದಿನವೇ ಕಣ್ಣು ಹಾಕಿ ಹಿಡಿದುಕೊಂಡರು.

ಪೂಜಾ ಶಾಲೆಯ ಮೈದಾನಕ್ಕೆ ಮುಖ ಮಾಡಿರುವ ಮನೆಯವಳು, ಏಳನೇ ತರಗತಿ ಮುಗಿಸಿದ್ದಳು. ಓಟದಲ್ಲಿ ಗಂಡುಹುಡುಗರನ್ನು ಹಿಂದೆ ಹಾಕುತ್ತಿದ್ದಳು. ಮಂಗಳಾ ವೀರನಹೊಸಹಳ್ಳಿ ಕಡೆಯ ಹಾಡಿಯವಳು, ಅಂದರೆ ಕಾಡಂಚಿನ ಬುಡಕಟ್ಟಿನವರ ಕೇರಿಯವಳು. ನಾನು ಮೊದಲು ಆ ಕಡೆ ಕೆಲಸದಲ್ಲಿದ್ದಾಗಿನಿಂದ ಗೊತ್ತು. ಶಿಬಿರ ಮುಗಿಯುವವರೆಗೆ ನಮ್ಮ ಮನೆಯಲ್ಲೇ ಇದ್ದಳು. ಒಬ್ಬಳಿಗೆ ಬಾಯಿ ನಿಲ್ಲುವುದಿಲ್ಲ, ಇನ್ನೊಬ್ಬಳಿಗೆ ಬಾಯಿ ತೆರೆಯುವುದಿಲ್ಲ. ಆದರೂ ಅವರಿಬ್ಬರೂ ಕೂಡಿ ಶಿಬಿರದ ಅತಿ ದೊಡ್ಡ ಗ್ಲೈಡರ್ ಕಟ್ಟಲು ಹೊರಟರು. ಇಬ್ಬರು ಕೈಚಾಚಿ ನಿಂತಷ್ಟು ಅಗಲದ ರೆಕ್ಕೆ. ಆ ರೆಕ್ಕೆಯ ಉದ್ದಕ್ಕೂ ಬೆನ್ನುಮೂಳೆಯಂತೆ ಹೋಗಬೇಕಾದದ್ದೇ ಆ ಗಳ. ಕೊನೆಯ ಭಾನುವಾರ ಊರಿನವರ ಮುಂದೆ ಮಂಗಳಾ ವಿಮಾನ ಎತ್ತಿ ಹಿಡಿಯುವುದು, ಪೂಜಾ ದಾರ ಹಿಡಿದು ಓಡುವುದು ಎಂದು ಮಾತಾಗಿತ್ತು.

ಒಂದು ಬೆಳಿಗ್ಗೆ ಪೂಜಾ ಬರಲಿಲ್ಲ. ನೋಡಿಕೊಂಡು ಬಾ ಎಂದು ಮಂಗಳಾಳನ್ನು ಕಳಿಸಿದೆ. ಹೋದಷ್ಟೇ ಬೇಗ ಬಂದಳು.

"ಪೂಜಾನ ಹೊರಗಡೆ ಕೂರ್ಸವ್ರೆ ಮಿಸ್. ಸೊಪ್ಪಿನ ಗುಡ್ಲು ಆಕವ್ರೆ" ಅಂದಳು. ಸೂರಿನ ಕಡೆ ಕೈ ತೋರಿಸಿ, "ಗುಡ್ಲಿನ ಮ್ಯಾಲೆ ನಮ್ ಗಳ ಅದೆ" ಅಂದಳು.

ಹುಡುಗಿ ದೊಡ್ಡವಳಾದರೆ ನಮ್ಮ ಕಡೆ ಗುಡ್ಲು ಹಾಕುತ್ತಾರೆ. ಅವ್ವನ ಅಣ್ಣನೋ ತಮ್ಮನೋ, ಅಂದರೆ ಸೋದರಮಾವ, ಹಸಿ ಸೊಪ್ಪು ತಂದು ಅಂಗಳದಲ್ಲಿ ಪುಟ್ಟ ಗುಡಿಸಲು ಕಟ್ಟಬೇಕು. ಹುಡುಗಿ ಬೇರೆ ತಟ್ಟೆ, ಬೇರೆ ಲೋಟ ಇಟ್ಟುಕೊಂಡು ಅದರೊಳಗೆ ಕೂರಬೇಕು. ಕೊನೆಗೆ ಆರತಿ ಎತ್ತಿ ಒಳಗೆ ಕರೆದುಕೊಳ್ಳುತ್ತಾರೆ, ಮಾವ ಗುಡ್ಲು ಕಿತ್ತು ಸುಡುತ್ತಾನೆ. ನನ್ನನ್ನೂ ಕೂರಿಸಿದ್ದರು. ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆ ಆಗಲೇ ಬಂದಿತ್ತು. ಗೆಳತಿಯರು ಪೆನ್ನು ಹಿಡಿದು ನಮ್ಮ ಮನೆಯ ಮುಂದೆಯೇ ಹೋಗುವುದನ್ನು ಸೊಪ್ಪಿನ ಸಂದಿಯಿಂದ ನೋಡಿದೆ. ಒಂದು ವರ್ಷ ಹೋಯಿತು. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ, ಇಳಿಸಿಕೊಳ್ಳುವ ಆಸೆಯೂ ನನಗಿಲ್ಲ.

ಮಂಗಳಾಳ ಜೊತೆ ಪೂಜಾಳ ಮನೆಗೆ ಹೋದೆ. ಗೇಟಿನ ಪಕ್ಕ ಆಗಲೇ ಫ್ಲೆಕ್ಸ್ ಎದ್ದಿತ್ತು. ಹುಡುಗಿಯ ಆರತಿ ಶಾಸ್ತ್ರಕ್ಕೆ ಸರ್ವರಿಗೂ ಸುಸ್ವಾಗತ. ಮೂಲೆಯಲ್ಲಿ ಪೂಜಾಳ ಶಾಲೆಯ ಗುರುತಿನ ಚೀಟಿಯ ಫೋಟೋ; ಉಳಿದ ಜಾಗವೆಲ್ಲ ಅವಳ ಸೋದರಮಾವ ಕಾಂತರಾಜನ ಮುಖ. ದೊಡ್ಡವರಾದದ್ದು ಯಾರು ಎಂದು ಹೊಸಬರಿಗೆ ಅನುಮಾನ ಬರಬೇಕು, ಹಾಗಿತ್ತು. ಕಾಂತರಾಜ ಸೊಸೈಟಿ ಚುನಾವಣೆಗೆ ನಿಲ್ಲುವವನಿದ್ದ. ಊಟ ಹಾಕಿಸಿ ಜನ ಸೇರಿಸಲು ಅವನಿಗೊಂದು ನೆಪ ಬೇಕಿತ್ತು, ತಂಗಿಯ ಮಗಳು ಸಿಕ್ಕಳು.

"ಕಾಂತರಾಜಣ್ಣ, ಗುಡ್ಲಿನ ಮೇಲಿರೋ ಆ ಗಳ ನಮ್ಮ ಶಿಬಿರದ್ದು. ಮಕ್ಕಳು ವಿಮಾನಕ್ಕೆ ಅಂತ ಒಣಗಿಸಿಟ್ಟಿದ್ದು" ಅಂದೆ.

"ಅಯ್ಯೋ, ನಿಮ್ದಾ ಮೇಡಮ್ನೋರೇ? ಸ್ಕೂಲ್ ಹಿಂದ್ಗಡೆ ಬಿದ್ದಿತ್ತು ಅಂತ ನಮ್ ಆಳ್ ತಂದವ್ನೆ. ಏನ್ ಹಗುರ ಅಂತೀರಿ, ಒಬ್ನೇ ಎಗಲ್ ಮ್ಯಾಲೆ ಆಕ್ಕೊಂಡ್ ಬಂದ!"

"ಹಗುರ ಇರೋದಕ್ಕೇ ನಮಗೆ ಬೇಕಾಗಿರೋದು. ಇಳಿಸಿ ಕೊಡಿ. ಗುಡ್ಲಿಗೆ ಬಿದಿರು ಹಾಕಿಕೊಳ್ಳಿ."

"ಅದೆಂಗಾದದು? ಗುಡ್ಲಿಗೆ ಏರ್ಸಿದ್ ಗಳ ಇಳ್ಸಂಗಿಲ್ಲ ಕಣ್ರೀ. ಆರತಿ ಆದ್ಮ್ಯಾಲೆ ಸೊಪ್ಪು, ಗಳ ಎಲ್ಲಾನೂ ಸೇರ್ಸಿ ನಾನೇ ಸುಡ್ಬೇಕು. ಒಂದ್ ಕಡ್ಡಿ ಉಳುದ್ರೂ ಸೋದರಮಾವಂಗೆ ಒಳ್ಳೇದಲ್ಲ." ನನ್ನ ಮುಖ ನೋಡಿ ನಕ್ಕ. "ನೀವ್ಯಾಕ್ ತಲೆ ಕೆಡುಸ್ಕತೀರಿ? ಮಕ್ಳಿಗೆ ನಾನು ರೆಡಿಮೇಡ್ ವಿಮಾನ ತರುಸ್ಕೊಡ್ತೀನಿ, ಬುಡಿ."

ಆರತಿ ಯಾವತ್ತು ಎಂದು ಕೇಳಿದೆ. ಭಾನುವಾರವಂತೆ. ನಮ್ಮ ಹಾರಾಟದ ದಿನವೇ. ಶಾಮಿಯಾನ ಎಲ್ಲಿ ಎಂದೆ. ಶಾಲೆಯ ಮೈದಾನದಲ್ಲಂತೆ, ಯಾರೋ ಮುಖಂಡರು ಬರುತ್ತಾರಂತೆ. ಅರ್ಧ ಮೈದಾನ ನಿಮಗಿರಲಿ ಎಂದು ಅವನ ಅಪ್ಪನ ಆಸ್ತಿ ಬಿಟ್ಟುಕೊಡುವ ಹಾಗೆ ಹೇಳಿದ.

ಪೂಜಾಳ ಅವ್ವ ಪ್ರೇಮಮ್ಮ ಬಾಗಿಲಲ್ಲಿ ನಿಂತು ಸೆರಗಿನ ತುದಿ ಸುತ್ತುತ್ತಿದ್ದಳು. ಅಪ್ಪ ಪ್ರಭುಸ್ವಾಮಿ ಮನೆಯಲ್ಲಿ ಮಾತು ಜೋರಾದರೆ ಹೊಲದಲ್ಲಿ ಕೆಲಸ ಕಂಡುಕೊಳ್ಳುವ ಮನುಷ್ಯ, ಅವತ್ತೂ ಕಂಡುಕೊಂಡಿದ್ದ. "ಹುಡುಗಿ ಏನಂತಾಳೆ ಪ್ರೇಮಮ್ಮ?" ಎಂದು ಕೇಳಿದೆ.

"ಅವಳ್ನ ಏನ್ ಕೇಳೋದು ಮೇಡಂ. ಅಣ್ಣ ಮುಂದೆ ನಿಂತ್ಕಂಡು ಮಾಡ್ತಾವ್ನೆ. ನಾನು ಬ್ಯಾಡ ಅಂದ್ರೆ ನಾಳೆಯಿಂದ ತವರುಮನೆ ಬಾಗ್ಲು ಮುಚ್ಚೋಯ್ತದೆ" ಅಂದಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದರೂ ಆಗಲಿಲ್ಲ.

ಜಗಲಿಯ ಮೇಲೆ ಪ್ರಭುಸ್ವಾಮಿಯ ತಾಯಿ ಗುರುಶಾಂತಮ್ಮ ಕೂತಿದ್ದರು. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ಈ ಮನೆಯಲ್ಲಿ ಮಕ್ಕಳಿಗೆಲ್ಲ ಲಿಂಗ ಕಟ್ಟುತ್ತಾರೆ, ಪೂಜಾಳ ಕೊರಳಲ್ಲೂ ಇದೆ. ನನಗೆ ತಟ್ಟನೆ ಹೊಳೆಯಿತು, ಕೇಳಿಯೇ ಬಿಟ್ಟೆ. "ಅಜ್ಜಿ, ಲಿಂಗ ಕಟ್ಟೋರ ಮನೇಲೂ ಗುಡ್ಲು ಹಾಕ್ತಾರಾ?"

"ಇಲ್ಲ ಕಣವ್ವ. ನಾನು ದೊಡ್ಡೋಳಾದಾಗ ನಮ್ಮಪ್ಪ ಗುಡ್ಲಾಕ್ಲಿಲ್ಲ. ಕೊಳ್ನಾಗೆ ಲಿಂಗ ಅದೆ, ಆ ಮೈಗೆ ಯಾವ್ ಮೈಲ್ಗೆ ಬತ್ತದೆ ಅಂದ. ಅವತ್ತೂ ನಾನೇ ಒಲೆ ಮುಂದೆ ಕೂತು ರೊಟ್ಟಿ ಸುಟ್ಟಿವ್ನಿ."

"ಮತ್ತೆ ಈಗ?"

"ಊರ್ನೋರೆಲ್ಲ ಆಕ್ತಾರಲ್ಲ, ನಮ್ದೇನ್ ಕಮ್ಮಿ ಅಂತ ನಮ್ಮೋರೂ ಸುರು ಅಚ್ಕಂಡ್ರು. ನಾನು ಬ್ಯಾಡ ಅಂತ ಯೋಳ್ದೆ. ಬೀಗ್ರು ಮೈಕ್ ಇಡ್ಕಂಡವ್ರೆ, ನನ್ ಮಾತು ಯಾರ್ಗೆ ಕೇಳ್ಸಾತದೆ."

ಮುದುಕಿಯ ಮಾತಿಗೆ ಮನಸ್ಸು ತುಂಬಿಬಂತು. ಅಷ್ಟರಲ್ಲಿ ಬಿಸಿಲಲ್ಲಿ ಬಂದಿದ್ದೀರಿ ಎಂದು ಅಜ್ಜಿಯೇ ನೀರು ಕೊಟ್ಟರು. ನನಗೆ ಲೋಟದಲ್ಲಿ. ಮಂಗಳಾಳಿಗೆ ಚೊಂಬಿನಿಂದ ಮೇಲಿನಿಂದ ಹೊಯ್ದರು, ಬೊಗಸೆಗೆ. ತುಂಬಿಬಂದ ಮನಸ್ಸು ಅಲ್ಲಿಗೇ ಕುದಿಯಿತು. "ಆ ಮೈಗೆ ಈ ಮೈಲಿಗೆ ಮಾತ್ರ ಬರುತ್ತಾ ಅಜ್ಜಿ?" ಅಂದೆ. ಗುರುಶಾಂತಮ್ಮ ಚೊಂಬನ್ನು ಕೆಳಗಿಟ್ಟು ಮಂಗಳಾಳ ಒದ್ದೆ ಕೈಗಳನ್ನು ನೋಡುತ್ತ ಕೂತರು.

ಗುಡ್ಲು ಮನೆಯ ಪಕ್ಕದಲ್ಲಿ, ಮೈದಾನದ ಅಂಚಿಗೇ ಇತ್ತು. ಎರಡು ಕವೆಗೋಲು, ಅವುಗಳ ಮೇಲೆ ನಮ್ಮ ಗಳ, ಅದಕ್ಕೆ ಎರಡೂ ಕಡೆಯಿಂದ ಒರಗಿಸಿದ ಸೊಪ್ಪಿನ ಕೊಂಬೆಗಳು ಮತ್ತು ತೆಂಗಿನ ಗರಿ. ಬಗ್ಗಿ ನೋಡಿದೆ. ಪೂಜಾ ಚಾಪೆಯ ಮೇಲೆ ಮಂಡಿ ಕಟ್ಟಿಕೊಂಡು ಕೂತಿದ್ದಳು. ನನ್ನನ್ನು ನೋಡಿ ಚಾಪೆಯ ಅಂಚಿನ ಕಡ್ಡಿ ಕೀಳತೊಡಗಿದಳು.

"ಫ್ಲೆಕ್ಸ್ ನೋಡುದ್ರಾ ಮಿಸ್?" ಎಂದಳು. "ಬಸ್ಸಲ್ಲಿ ಹೋಗೋರೆಲ್ಲ ನೋಡ್ತಾರೆ."

"ನೋಡಿದೆ. ನಿನ್ನದು ಮೂಲೇಲಿದೆ, ಯಾರಿಗೂ ಕಾಣಲ್ಲ ಬಿಡು."

ಅವಳಿಗೆ ನಗು ಬರಲಿಲ್ಲ. "ನನ್ ಬದ್ಲು ಮಂಗಳಾ ಓಡ್ಬೋದಾ ಮಿಸ್?"

ಆಗಲಿ ಎಂದುಬಿಡಬಹುದಿತ್ತು. ನಾನು ಹೇಳಲಿಲ್ಲ. ಹೇಳಿದ್ದರೆ ಗುಡ್ಲಿನಲ್ಲಿ ಅವಳು ಕೂತಿರುವುದನ್ನು ನಾನೂ ಒಪ್ಪಿದ ಹಾಗಾಗುತ್ತಿತ್ತು. "ಕಟ್ಟಿದವರೇ ಹಾರಿಸಬೇಕು. ಇಬ್ಬರು ಕಟ್ಟಿದ್ದು ಇಬ್ಬರೂ ಇದ್ದರೇ ಹಾರೋದು. ನಿನಗೋಸ್ಕರ ಅದನ್ನ ಬದಲಾಯಿಸಲ್ಲ" ಅಂದೆ.

ಪೂಜಾ ತಲೆಯೆತ್ತಿ ಮೇಲಿನ ಗಳವನ್ನು ನೋಡಿದಳು. ಆಮೇಲೆ ಮಂಗಳಾಳನ್ನು ನೋಡಿದಳು. "ಥರ್ಮಾಕೋಲು, ಬ್ಲೇಡು ತಂದ್ಕೊಡ್ತೀಯೇನೇ?" ಅಂದಳು.

ಮಂಗಳಾ ಅವತ್ತಿನಿಂದ ಗುಡ್ಲಿನ ಹಿಂಬದಿಯಿಂದ ಸೊಪ್ಪು ಸರಿಸಿ ಸಾಮಾನು ಒಳಗೆ ತೂರಿಸುತ್ತಿದ್ದಳು. ರೆಕ್ಕೆಗೆ ಆಕಾರ ಕೊಡುವ ಪಕ್ಕೆಲುಬುಗಳನ್ನು ಪೂಜಾ ಒಳಗೆ ಕೂತು ಥರ್ಮಾಕೋಲಿನಲ್ಲಿ ಕತ್ತರಿಸಿದಳು. ಮಂಗಳಾ ಹೊರಗೆ ಅವುಗಳ ಮೇಲೆ ಸಸಿಮಡಿಯ ಹಳೆಯ ಪ್ಲಾಸ್ಟಿಕ್ ಹಾಳೆ ಬಿಗಿದಳು. ಗಳ ತೂರುವ ತೂತುಗಳ ಅಳತೆ ಅವರು ಮೊದಲೇ ತೆಗೆದಿಟ್ಟುಕೊಂಡಿದ್ದರು. ಎಲ್ಲ ಸಿದ್ಧವಾಯಿತು, ಬೆನ್ನುಮೂಳೆಯೊಂದು ಬಿಟ್ಟು. ಬಿದಿರು ಹಾಕಿ ನೋಡಿದೆವು, ವಿಮಾನ ಕೈಯಿಂದ ಬಿಟ್ಟ ಕೂಡಲೇ ಮೂಟೆಯ ಹಾಗೆ ಬಿತ್ತು.

ಕಾಂತರಾಜ ಹೇಳಿದಂತೆಯೇ ಕೊಪ್ಪದ ಅಂಗಡಿಯಿಂದ ಬ್ಯಾಟರಿ ವಿಮಾನ ಕಳಿಸಿದ್ದ. ಗುಂಡಿ ಒತ್ತಿದರೆ ಕೆಂಪು ನೀಲಿ ದೀಪ ಉರಿದು, ಶಾಲೆಯ ಜಗಲಿಯ ಮೇಲೆ ಕಿರುಚುತ್ತ ಉರುಳಾಡಿತು. ಮಕ್ಕಳು ಸುತ್ತ ನಿಂತು ನೋಡಿದರು. "ಇದು ಮ್ಯಾಕೆ ಆರಾಕಿಲ್ಲ ಮಿಸ್, ಬರೀ ಬಡ್ಕತದೆ" ಅಂದಳು ಮಂಗಳಾ. ನಾವು ಅದನ್ನು ಡಬ್ಬಕ್ಕೆ ಹಾಕಿ ವಾಪಸು ಕಳಿಸಿದೆವು.

ಊರಿನಲ್ಲಿ ಬೇರೆಯದೇ ಮಾತು ಶುರುವಾಗಿತ್ತು. ಬೆಳೆಯುವ ಹುಡುಗಿಯರು ಬಿಸಿಲಲ್ಲಿ ಹಾಗೆ ಓಡಬಾರದಂತೆ, ಓಡಿದ್ದಕ್ಕೇ ಪೂಜಾ ಬೇಗ ದೊಡ್ಡವಳಾದಳಂತೆ! ವಿಜ್ಞಾನದ ಮೇಡಂ ಬದುಕಿರುವಾಗಲೇ ಈ ಮಾತು. ಇನ್ನಿಬ್ಬರು ಹುಡುಗಿಯರನ್ನು ಅವರ ತಾಯಂದಿರು ಮನೆಯಲ್ಲೇ ಉಳಿಸಿಕೊಂಡರು. ಭಾನುವಾರ ಪೂಜಾ ಗುಡ್ಲಿನಲ್ಲೇ ಕೂತಿದ್ದರೆ ಮುಂದಿನ ವರ್ಷ ನನ್ನ ಶಿಬಿರದಲ್ಲಿ ಒಂದು ಹೆಣ್ಣುಮಗುವೂ ಇರುವುದಿಲ್ಲ ಎಂದು ನನಗೆ ಗೊತ್ತಾಗಿಹೋಯಿತು.

ಭಾನುವಾರ ಅರ್ಧ ಮೈದಾನ ಶಾಮಿಯಾನ, ಅರ್ಧ ಮೈದಾನ ನಾವು. ಅತ್ತ ಮೈಕಿನಲ್ಲಿ ಕಾಂತರಾಜ ಬಂದವರ ಹೆಸರು ಕೂಗುತ್ತಿದ್ದ. ಇತ್ತ ಚಿಕ್ಕ ಮಕ್ಕಳು ಒಬ್ಬೊಬ್ಬರಾಗಿ ತಮ್ಮ ಗ್ಲೈಡರ್ ಎಸೆಯುತ್ತಿದ್ದರು. ಕೆಲವು ಹಾರಿದವು, ಒಂದು ಹೋಗಿ ಪಾಯಸದ ಪಾತ್ರೆಯ ಪಕ್ಕ ಇಳಿಯಿತು. ಅಡುಗೆಯವನು ಬೈದ, ಮಕ್ಕಳು ನಕ್ಕರು. ದೊಡ್ಡ ಗ್ಲೈಡರಿನ ಮೂತಿ ಬಾಲಗಳಿರುವ ಒಡಲು ಮತ್ತು ಎರಡು ರೆಕ್ಕೆಗಳು ಟಾರ್ಪಾಲಿನ ಮೇಲೆ ಬಿಡಿಬಿಡಿಯಾಗಿ ಬಿದ್ದಿದ್ದವು. ಮಂಗಳಾ ಅವುಗಳ ಪಕ್ಕದಲ್ಲಿ ದಾರದ ಉಂಡೆ ಹಿಡಿದು ಗುಡ್ಲಿನ ಕಡೆಗೇ ನೋಡುತ್ತ ನಿಂತಿದ್ದಳು.

ಹೆಂಗಸರು ಪೂಜಾಳಿಗೆ ಹಸಿರು ರೇಷ್ಮೆ ಲಂಗ ಉಡಿಸಿ, ಮೊಗ್ಗಿನ ಜಡೆ ಹಾಕಿ, ಮಾವ ಕೊಟ್ಟ ಬೆಳ್ಳಿಯ ಗೆಜ್ಜೆ ಕಟ್ಟಿ, ಕರೆಯುವವರೆಗೆ ಅಲ್ಲಾಡಬೇಡ ಎಂದು ಮತ್ತೆ ಗುಡ್ಲಿನೊಳಗೆ ಕೂರಿಸಿ ಆರತಿ ತಟ್ಟೆ ತರಲು ಹೋದರು. ಮೈಕಿನಲ್ಲಿ ಮುಖಂಡರ ಆಗಮನದ ಘೋಷಣೆಯಾಯಿತು. ಎಲ್ಲರೂ ಗೇಟಿನ ಕಡೆ ತಿರುಗಿದರು.

ಗುಡ್ಲು ಅಲುಗಿತು. ಮೊದಲು ಗಾಳಿಗೆ ಎಂದುಕೊಂಡೆ. ಆಮೇಲೆ ಮೇಲಿನ ಗಳ ಕವೆಗೋಲಿನಿಂದ ಒಂದು ಗೇಣು ಮೇಲೆದ್ದಿತು, ಪಕ್ಕಕ್ಕೆ ಜಾರಿತು, ಮುಂದಕ್ಕೆ ತೂರಿ ಬಂತು. ಸೊಪ್ಪು, ಗರಿ ಎಲ್ಲವೂ ದಬದಬ ಕುಸಿದವು. ಆ ಹಸಿರು ರಾಶಿಯೊಳಗಿಂದ ಮೊದಲು ಮೊಗ್ಗಿನ ಜಡೆ ಕಂಡಿತು, ಆಮೇಲೆ ಪೂಜಾ ಎದ್ದು ನಿಂತಳು. ಹೆಗಲ ಮೇಲೆ ಗಳ.

"ಅಯ್ಯಯ್ಯೋ ಗುಡ್ಲು! ಗುಡ್ಲು ಬಿತ್ತು ಕಣ್ರೋ!" ಎಂದು ಕಾಂತರಾಜ ಕೂಗಿದ. ಮೈಕು ಬಾಯಿಯ ಹತ್ತಿರವೇ ಇತ್ತು. ಆಚೆ ಊರಿಗೂ ಕೇಳಿಸಿರಬೇಕು.

ಪೂಜಾ ಯಾರ ಕಡೆಯೂ ನೋಡದೆ ಮೈದಾನದ ನಡುವೆ ನಡೆದು ಬಂದಳು. ಸೊಪ್ಪಿನ ಎಲೆಗಳು ರೇಷ್ಮೆಗೆ ಅಂಟಿಕೊಂಡಿದ್ದವು. "ಅವಳ್ನ ಮುಟ್ಬ್ಯಾಡ್ರೋ, ಇನ್ನೂ ಆರತಿ ಆಗಿಲ್ಲ, ಮೈಲ್ಗೆ!" ಎಂದು ಯಾರೋ ಹೆಂಗಸು ಕಿರುಚಿದಳು. ಮಂಗಳಾ ಓಡಿಹೋಗಿ ಗಳದ ಇನ್ನೊಂದು ತುದಿಗೆ ಹೆಗಲು ಕೊಟ್ಟಳು. ನಾನು ಗರಗಸ ಎತ್ತಿಕೊಂಡೆ. 

ದಪ್ಪನೆಯ ಬುಡ ಕೊಯ್ದು ಹಾಕಿದೆವು. ಉಳಿದ ಗಳವನ್ನು ಪೂಜಾ ಒಂದು ರೆಕ್ಕೆಯ ತೂತುಗಳಲ್ಲಿ ತೂರಿಸಿದಳು, ಮಂಗಳಾ ಇನ್ನೊಂದು ರೆಕ್ಕೆಯನ್ನು ಎದುರಿನಿಂದ ತಂದಳು. ನಡುವೆ ಒಡಲಿಟ್ಟು ದಾರ ಬಿಗಿದು ಕಟ್ಟಿದರು. ಕಾಂತರಾಜ, ಅವನ ಹಿಂದೆ ಅರ್ಧ ಶಾಮಿಯಾನ ನಮ್ಮ ಸುತ್ತ ಬಂದು ನಿಂತಿತು. ಅವನು ಪೂಜಾಳ ಕೈಹಿಡಿದು ಎಳೆಯಲು ಬಗ್ಗಿದ. ನಾನು ಅಡ್ಡ ಬಂದೆ.

"ಮೇಡಂ, ಇದು ನಮ್ ಮನೆ ಇಸ್ಯ!"

"ಇದು ನನ್ನ ಶಾಲೆಯ ಮೈದಾನ" ಅಂದೆ.

ಅಷ್ಟರಲ್ಲಿ ಜನ ದಾರಿ ಬಿಟ್ಟರು. ಗುರುಶಾಂತಮ್ಮ ಬರುತ್ತಿದ್ದರು. ಕೈಯಲ್ಲಿ ಆರತಿ ತಟ್ಟೆ, ದೀಪ ಉರಿಯುತ್ತಿತ್ತು. ಅವರ ಹಿಂದೆ ಪ್ರೇಮಮ್ಮ, ಗಾಳಿಗೆ ದೀಪ ಆರದಂತೆ ಎರಡೂ ಕೈ ಅಡ್ಡ ಹಿಡಿದುಕೊಂಡು. ಅಣ್ಣನ ಎದುರೇ ಬಂದಳು, ತಲೆ ಮಾತ್ರ ಎತ್ತಲಿಲ್ಲ.

"ಅಜ್ಜಿ, ಅಲ್ಲಲ್ಲ, ಸ್ಟೇಜ್ ಮ್ಯಾಲೆ ಎತ್ತಬೇಕು" ಎಂದ ಕಾಂತರಾಜ.

"ಸ್ಟೇಜ್ ನಿಂಗೆ ಬೇಕಾಗಿರಾದು ಕಣಪ್ಪ. ನನ್ ಮೊಮ್ಮಗ್ಳು ಇಲ್ಲವ್ಳೆ" ಅಂದರು ಗುರುಶಾಂತಮ್ಮ. "ಅವ್ಳ ಕೊಳ್ನಾಗೂ ಲಿಂಗ ಅದೆ, ನನ್ ಕೊಳ್ನಾಗೂ ಲಿಂಗ ಅದೆ. ಮೈಲ್ಗೆ ಅಂದೋರು ಯಾರು? ಮುಂದ್ಕ್ ಬಂದು ನನ್ ಮುಂದೆ ಅನ್ಲಿ."

ಯಾರೂ ಬರಲಿಲ್ಲ. ಮುದುಕಿ ಪೂಜಾಳ ಮುಂದೆ ನಿಂತು ತಟ್ಟೆ ಎತ್ತಿದರು. ಮಂಗಳಾ ಹಿಂದೆ ಸರಿಯಲು ಹೋದಳು.

"ನೀನೆಲ್ಲಿಗ್ ವೋಯ್ತೀಯವ್ವ? ನಿಂತ್ಕೊ, ಅವ್ಳ ಪಕ್ಕ್ದಲ್ಲೇ ನಿಂತ್ಕೊ." ಇಬ್ಬರಿಗೂ ಕೂಡಿಯೇ ಆರತಿ ಎತ್ತಿದರು. ಆಮೇಲೆ ಮಂಗಳಾಳ ಹಣೆಗೆ ತಮ್ಮ ಕೈಯಾರೆ ಕುಂಕುಮವಿಟ್ಟರು. ನನ್ನ ಕಡೆ ನೋಡಿ, "ಆಯ್ತೇನವ್ವಾ ಮೇಡಮ್ಮು?" ಎಂದರು. ಅವತ್ತಿನ ಚೊಂಬನ್ನು ಅವರೂ ಮರೆತಿರಲಿಲ್ಲ. 

ಮಂಗಳಾ ವಿಮಾನ ಎತ್ತಿಕೊಂಡು ಮೈದಾನದ ಆ ತುದಿಗೆ ಹೋದಳು. ಪೂಜಾ ದಾರ ಹಿಡಿದು ಈ ತುದಿಗೆ ಬಂದಳು. ದಾರದ ತುದಿಯ ಬಳೆ ವಿಮಾನದ ಹೊಟ್ಟೆಯ ಕೊಕ್ಕೆಗೆ ಸಿಕ್ಕಿರುತ್ತದೆ. ಓಡಿದರೆ ವಿಮಾನ ಏರುತ್ತದೆ, ಮೇಲೆ ಹೋದ ಮೇಲೆ ದಾರ ಸಡಿಲಿಸಿದರೆ ಬಳೆ ತಾನೇ ಕಳಚಿ ಬೀಳುತ್ತದೆ. ಪೂಜಾ ಒಂದು ಕೈಯಲ್ಲಿ ಲಂಗ ಎತ್ತಿಕೊಂಡು ಓಡಿದಳು. ಗೆಜ್ಜೆ ಝಲ್ಲೆಂದಿತು. ವಿಮಾನ ಎದ್ದಿತು, ಮೂತಿ ಮೇ‍ಲೆತ್ತಿತು, ಅತಿಯಾಗಿ ಎತ್ತಿತು, ಗಾಳಿಯಲ್ಲಿ ಒಂದು ಕ್ಷಣ ನಿಂತು ಧೊಪ್ಪನೆ ನೆಲಕ್ಕೆ ಬಿತ್ತು.

ಶಾಮಿಯಾನದ ಕಡೆ ಹೋ ಎಂದು ನಕ್ಕರು. ಓಡಿಹೋಗಿ ನೋಡಿದೆವು. ರೆಕ್ಕೆ ಗಟ್ಟಿಯಾಗಿಯೇ ಇತ್ತು. ತೂಕಕ್ಕೆಂದು ಮೂತಿಯಲ್ಲಿ ತುಂಬಿದ್ದ ಜೇಡಿಮಣ್ಣು ಬಿಸಿಲಿಗೆ ಒಣಗಿ ಉದುರಿಹೋಗಿತ್ತು; ಮೂತಿ ಹಗುರ, ಬಾಲ ಭಾರ. ಬೀಳದೆ ಇನ್ನೇನು ಮಾಡುತ್ತದೆ?

"ನೋಡುದ್ರಾ? ಗುಡ್ಲು ಕೆಡುವುದ್ರೆ ಇಂಗೇ ಆಗಾದು" ಎಂದ ಕಾಂತರಾಜ. ಅವನಿಗೆ ಜೀವ ಬಂದಿತ್ತು. "ಆಯ್ತು, ನಿಮ್ಮಾಟ ಮುಗೀತು. ಗಳ ಕೊಡಿ ಇಲ್ಲಿ. ಸೊಪ್ಪಿನ್ ಜೊತೆ ಸುಡ್ಬೇಕು."

ಕೊಯ್ದ ಬುಡದ ತುಂಡನ್ನು ನಾನು ಅವನ ಕೈಗೆ ಕೊಟ್ಟೆ. "ಶಾಸ್ತ್ರಕ್ಕೆ ಇದು ಸಾಕು."

ಅವನು ಅದನ್ನು ಬಿಸಾಡಿದ. "ಸಾಕಾಗಲ್ಲ! ಒಂದ್ ಕಡ್ಡೀನೂ ಉಳಿಯಂಗಿಲ್ಲ ಅಂತ ಯೋಳಿಲ್ವಾ? ಆ ವಿಮಾನನೂ ಸೇರ್ಸಿ ಸುಡ್ತೀನಿ ಇವತ್ತು!"

ಅಲ್ಲಿಯವರೆಗೆ ಮಾವನ ಮುಂದೆ ತುಟಿ ಬಿಚ್ಚದಿದ್ದ ಪೂಜಾ ತಲೆ ಎತ್ತಿದಳು. ನೆಲದ ಮೇಲೆ ಕೂತು ಕಾಲಿನ ಗೆಜ್ಜೆ ಬಿಚ್ಚಿದಳು, ಮೊದಲು ಒಂದು, ಆಮೇಲೆ ಇನ್ನೊಂದು. ಗಟ್ಟಿ ಬೆಳ್ಳಿ, ಮಾವನ ಉಡುಗೊರೆ. ಅವೆರಡನ್ನೂ ಮುದುರಿ ಖಾಲಿಯಾಗಿದ್ದ ಮೂತಿಯೊಳಗೆ ತುರುಕಿದಳು. ಮಂಗಳಾ ಅದರ ಮೇಲೆ ಟೇಪು ಸುತ್ತಿದಳು. ವಿಮಾನವನ್ನು ಎರಡು ಬೆರಳ ಮೇಲಿಟ್ಟು ನೋಡಿದರು. ಮೂತಿ ಬಾಲ ಎರಡೂ ಸಮನಾಗಿ ನಿಂತವು.

"ಏಯ್, ಅದು ಬೆಳ್ಳಿ ಕಣಮ್ಮಿ!" ಎಂದ ಕಾಂತರಾಜ.

"ಗೊತ್ತು ಮಾವ" ಎಂದಳು ಪೂಜಾ. ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ದಾರ ಕೈಗೆ ತೆಗೆದುಕೊಂಡಳು. "ಸುಡ್ಬೇಕಲ್ವಾ ನಿಮ್ಗೆ? ಇಡ್ಕೊಳ್ಳಿ ಅಂಗಾರೆ."

ಓಡಿದಳು. ಗೆಜ್ಜೆಯಿಲ್ಲದ ಕಾಲು, ಬರಿಗಾಲು, ಮೊಗ್ಗಿನ ಜಡೆ ಬೆನ್ನಿಗೆ ಬಡಿಯುತ್ತಿತ್ತು. ಆ ತುದಿಯಲ್ಲಿ ಮಂಗಳಾ ಕೈ ಬಿಟ್ಟಳು. ವಿಮಾನ ಎದ್ದಿತು, ಈ ಸಲ ಆತುರಪಡದೆ ಎದ್ದಿತು. ಬೇವಿನ ಮರ ದಾಟಿತು, ಶಾಲೆಯ ಹೆಂಚು ದಾಟಿತು. ಪೂಜಾ ದಾರ ಸಡಿಲಿಸಿದಳು, ಬಳೆ ಕಳಚಿತು. ಗುಡ್ಲಿನ ಗಳ ರೆಕ್ಕೆ ಬಿಚ್ಚಿಕೊಂಡು ಶಾಮಿಯಾನದ ಮೇಲೆ ಸುತ್ತು ಹಾಕಿತು.

ವೇದಿಕೆಯ ಮೇಲಿದ್ದ ಮುಖಂಡರು ಕತ್ತು ಹಿಂದಕ್ಕೆ ಹಾಕಿ ನೋಡಿದರು. ಊಟಕ್ಕೆ ಕೂತವರು ಎಲೆ ಬಿಟ್ಟು ಹೊರಗೆ ಬಂದರು. ಎಲ್ಲಿಂದಲೋ ಪ್ರಭುಸ್ವಾಮಿ ಹೊಲದ ಮಣ್ಣಿನ ಕಾಲಲ್ಲೇ ಬಂದು ನಿಂತಿದ್ದ. ಅವನು ಮೊದಲು ಚಪ್ಪಾಳೆ ತಟ್ಟಿದ. ಮನೆಯಲ್ಲಿ ಉಳಿಸಿಕೊಂಡಿದ್ದ ಆ ಇಬ್ಬರು ಹುಡುಗಿಯರು ಗ್ಲೈಡರಿನ ನೆರಳು ಹಿಡಿಯಲು ಓಡುತ್ತಿದ್ದರು. ಅವರ ತಾಯಂದಿರು ಕರೆಯಲಿಲ್ಲ.

ಆ ಹುಡುಗಿಯರ ಜೊತೆಗೆ ಕಾಂತರಾಜನೂ ಓಡುತ್ತಿದ್ದ. ಬಿಳಿ ಪಂಚೆ ಎತ್ತಿ ಕಟ್ಟಿಕೊಂಡು, ಮುಖ ಮೇಲಕ್ಕೆ ಮಾಡಿಕೊಂಡು, "ಗೆಜ್ಜೆ ಅದೆ ಅದ್ರೊಳ್ಗೆ! ಯಾರಾರ ಇಡ್ಕೊಳ್ರೋ!" ಎಂದು ಕೂಗಿಕೊಂಡು. ವಿಮಾನ ಅವನ ತಲೆಯ ಮೇಲೆಯೇ ತಿರುಗಿ ಹೊಗೆಸೊಪ್ಪಿನ ಹೊಲದ ಕಡೆ ಹೋಯಿತು. ಅವನೂ ಬೇಲಿ ದಾಟಿ ಅದರ ಹಿಂದೆ ಹೋದ.

"ವೋಗ್ಲಿ ಬುಡು, ತಂದ್ಕೊಡ್ತಾನೆ" ಎಂದರು ಗುರುಶಾಂತಮ್ಮ.

ಪೂಜಾ ಅಷ್ಟರಲ್ಲಿ ಮಂಗಳಾಳ ಜೊತೆ ಕೂತು, ಇನ್ನೊಂದು ಸಲಕ್ಕೆಂದು ದಾರ ಸುತ್ತಿಕೊಳ್ಳುತ್ತಿದ್ದಳು.